ಕರುಣಾಕರಣ್ಣನ ಅರ್ಧ ವಾಕ್ಯ

2023ರ ಏಪ್ರಿಲ್‌ನಲ್ಲಿ ನಾನು ಕಾಪು ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ ನಡೆಸುತ್ತಿದ್ದೆ. ಅದಕ್ಕೆ ಮೊದಲು ಮಣಿಪಾಲದ ಒಂದು ಕಂಪನಿಯಲ್ಲಿ ಹಾರ್ಡ್‌ವೇರ್ ಸರ್ವಿಸ್ ಇಂಜಿನಿಯರ್ ಆಗಿದ್ದವಳು. ಹೆಂಗಸೊಬ್ಬಳು ಸ್ಕ್ರೂಡ್ರೈವರ್ ಚೀಲ ಹಿಡಿದು ಬಂದರೆ ಕೆಲವರು ಈಗಲೂ ನನ್ನ ಹಿಂದಿನಿಂದ ನಿಜವಾದ ರಿಪೇರಿಯವರು ಬರುತ್ತಿದ್ದಾರೋ ಎಂದು ಗೇಟಿನ ತನಕ ಕಣ್ಣು ಹಾಯಿಸುತ್ತಾರೆ. ಅದಕ್ಕೆ ಸಿಟ್ಟು ಮಾಡಿಕೊಳ್ಳುವುದನ್ನು ನಾನು ಬಿಟ್ಟಾಗಿದೆ. ಉಳಿದ ಸಿಟ್ಟುಗಳು ಹಾಗೆಯೇ ಇವೆ.

ಮನೆಯ ಕಂಪ್ಯೂಟರ್ ಹಾಳಾಯಿತು ಎಂದು ಬರುವ ಫೋನುಗಳಲ್ಲಿ ಹೆಚ್ಚಿನವುಗಳ ವಿಷಯದಲ್ಲಿ ಕಂಪ್ಯೂಟರ್ ಹಾಳಾಗಿರುವುದಿಲ್ಲ. ಹೊರಗಿನಿಂದ ಅದಕ್ಕೆ ಚುಚ್ಚಿದ್ದು ಯಾವುದೋ ಸರಿ ಇರುವುದಿಲ್ಲ. ನಮ್ಮ ಕಡೆ ಹೊರಗಿನಿಂದ ಚುಚ್ಚುವ ಎಲ್ಲದಕ್ಕೂ ‘ಪಿನ್’ ಎಂಬ ಒಂದೇ ಹೆಸರು. ದೊಡ್ಡ ಪಿನ್, ಸಣ್ಣ ಪಿನ್, ಸಿ ಪಿನ್. ಪಿನ್ ತೂತಿನೊಳಗೆ ಕೂತಿತೆಂದರೆ ಕೆಲಸ ಮುಗಿಯಿತು ಎಂದು ಜನ ತಿಳಿಯುತ್ತಾರೆ. ಕೇಬಲ್ ಎಷ್ಟು ಉದ್ದ, ಅದರಲ್ಲಿ ಕರೆಂಟ್ ಸಾಕಷ್ಟು ಹರಿಯುತ್ತದೋ, ಅದು ಯಾವುದರ ಪಕ್ಕದಲ್ಲಿ ಹಾದು ಬಂದಿದೆ ಎಂಬುದನ್ನು ಯಾರೂ ಕೇಳುವುದಿಲ್ಲ. ಎರ್ಮಾಳಿನ ಆ ಮನೆಯಲ್ಲಿ ಅದನ್ನು ಕೇಳಬೇಕಾಗಿದ್ದವಳು ನಾನು.

ಒಂದು ಶನಿವಾರ ಬೆಳಿಗ್ಗೆ ವಸಂತಿ ಎಂಬವರ ಫೋನ್ ಬಂತು. “ಮೇಡಂ, ನಮ್ಮವರ ಕಣ್ಣಿನ ಮೆಶಿನ್ ನಿಂತಿದೆ. ಸೋಮವಾರದೊಳಗೆ ಸರಿ ಆಗ್ಲೇಬೇಕು” ಎಂದರು. ಕಣ್ಣಿನ ಮೆಶಿನ್ ಎಂದರೆ ಎಂತ ಎಂದು ನನಗೆ ತಿಳಿಯಲಿಲ್ಲ. ಗಂಡನ ಹೆಸರು ಹೇಳಿದ ಮೇಲೆ ಸ್ಕೂಟರ್ ಹೊರಡಿಸಿದೆ.

ಕರುಣಾಕರಣ್ಣ ಉಡುಪಿಯಿಂದ ಕಾಪು, ಪಡುಬಿದ್ರಿ ಮಾರ್ಗವಾಗಿ ಕಾರ್ಕಳಕ್ಕೆ ಹೋಗುವ ಸರ್ವಿಸ್ ಬಸ್ಸಿನ ಕಂಡಕ್ಟರ್ ಆಗಿದ್ದವರು. ನಾನು ಮಣಿಪಾಲದ ಕೆಲಸಕ್ಕೆ ಹೋಗುತ್ತಿದ್ದ ವರ್ಷಗಳಲ್ಲಿ ಉಡುಪಿಯ ತನಕ ಅವರದೇ ಬಸ್ಸು. ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು, “ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಕ್ರಿಕೆಟ್ ಆಡುವಷ್ಟು ಜಾಗ ಉಂಟು” ಎಂದು ಕೂಗುತ್ತಿದ್ದರು. ಒಳಗೆ ಉಸಿರಾಡಲೂ ಜಾಗ ಇರುತ್ತಿರಲಿಲ್ಲ. ಆದರೂ ಆ ಸ್ವರಕ್ಕೆ ಜನ ನಗುತ್ತಾ ಮುಂದೆ ಹೋಗುತ್ತಿದ್ದರು.

ಆ ಮನುಷ್ಯ ಈಗ ಕಿಟಕಿ ಪಕ್ಕದ ಮಂಚದಲ್ಲಿ ತಲೆದಿಂಬಿಗೆ ಒರಗಿ ಮಲಗಿದ್ದರು. ಮೋಟಾರ್ ನ್ಯೂರಾನ್ ಕಾಯಿಲೆ. ಸ್ನಾಯುಗಳನ್ನು ನಡೆಸುವ ನರಗಳು ಒಂದೊಂದಾಗಿ ಕೆಲಸ ನಿಲ್ಲಿಸುವ ಕಾಯಿಲೆ ಅದು. ಕೈ ಹೋಯಿತು, ಕಾಲು ಹೋಯಿತು, ಮಾತು ಹೋಯಿತು. ಬುದ್ಧಿಗೆ ಏನೂ ಆಗಿರಲಿಲ್ಲ. ನನ್ನನ್ನು ಕಂಡ ಕೂಡಲೇ ಅವರಿಗೆ ಗುರುತು ಸಿಕ್ಕಿದ್ದು ಕಣ್ಣಿನಲ್ಲೇ ಗೊತ್ತಾಯಿತು. ನಾನು “ನಮಸ್ಕಾರ ಕರುಣಾಕರಣ್ಣ” ಎಂದು ಚೀಲ ಬಿಚ್ಚಲು ಕುಳಿತೆ.

ಕಣ್ಣಿನ ಮೆಶಿನ್ ಎಂದರೆ ಐ ಟ್ರ್ಯಾಕರ್. ಒಂದು ಗೇಣುದ್ದದ ಕಪ್ಪು ಪಟ್ಟಿ. ಅದನ್ನು ಮಾನಿಟರಿನ ಕೆಳಗೆ ಅಂಟಿಸಿರುತ್ತಾರೆ. ಅದರೊಳಗಿನ ಕ್ಯಾಮೆರಾ, ಕಣ್ಣು ಪರದೆಯ ಯಾವ ಜಾಗವನ್ನು ನೋಡುತ್ತಿದೆ ಎಂದು ಲೆಕ್ಕ ಹಾಕುತ್ತದೆ. ಪರದೆಯಲ್ಲಿ ಕನ್ನಡ ಅಕ್ಷರಗಳ ಕೀಬೋರ್ಡ್ ಇರುತ್ತದೆ. ಒಂದು ಅಕ್ಷರವನ್ನು ರೆಪ್ಪೆ ಆಡಿಸದೆ ಸ್ವಲ್ಪ ಹೊತ್ತು ನೋಡಿದರೆ ಅದು ಮೂಡುತ್ತದೆ. ವಾಕ್ಯ ಮುಗಿದ ಮೇಲೆ ‘ಹೇಳು’ ಎಂಬ ಹಸಿರು ಚೌಕವನ್ನು ನೋಡಿದರೆ ಸ್ಪೀಕರ್ ಆ ವಾಕ್ಯವನ್ನು ಓದಿ ಹೇಳುತ್ತದೆ. ವಸಂತಿಯ ತಮ್ಮ ದೋಹಾದಿಂದ ರಜೆಗೆ ಬಂದಾಗ ಇದನ್ನೆಲ್ಲ ತಂದು ಕೂರಿಸಿಕೊಟ್ಟಿದ್ದ. ಜನವರಿಯಿಂದ ಮೂರು ತಿಂಗಳು ಚೆನ್ನಾಗಿ ನಡೆದಿತ್ತು.

“ಈಗ ನಾಲ್ಕೈದು ದಿನದಿಂದ ಒಂದು ಶಬ್ದ ಬರೆಯುವುದರೊಳಗೆ ನಿಲ್ತದೆ” ಎಂದರು ವಸಂತಿ. ಅವರು ನನ್ನೊಡನೆ ಕನ್ನಡವನ್ನೇ ಮಾತಾಡಿದರು. ಕಂಪ್ಯೂಟರಿನವರ ಹತ್ತಿರ ತುಳು ಮಾತಾಡಿದರೆ ರಿಪೇರಿ ಸರಿಯಾಗದು ಎಂಬ ಹೆದರಿಕೆಯೋ ಏನೋ. “ಪಾಪ, ಸೆಕೆ ಆಗಿ ಫ್ಯಾನ್ ಫ್ಯಾನ್ ಅಂತ ಬರೀತಾರೆ. ಫ್ಯಾನ್ ಹಾಕ್ತೇನೆ. ಅಷ್ಟೇ, ಮುಂದೆ ಮಾತಿಲ್ಲ. ನಿಮಗೂ ಸೆಕೆ ಅಲ್ವಾ? ನಿಲ್ಲಿ” ಎಂದು ಗೋಡೆಯ ಫ್ಯಾನ್ ಹಾಕಿ ಗಾಳಿ ನನ್ನ ಕಡೆಗೂ ಬರುವಂತೆ ತಿರುಗಿಸಿದರು. ಬಂದವರಿಗೆ ನೀರು ಕೊಡುವ ಮೊದಲು ಫ್ಯಾನ್ ಹಾಕುವುದು ಕಡಲ ಬದಿಯ ಮರ್ಯಾದೆ. ನಾನು ಬೆವರು ಒರೆಸಿಕೊಂಡು, “ಉಪಕಾರ ಆಯ್ತು” ಎಂದೆ.

ಸೋಮವಾರದ ವಿಷಯವನ್ನು ಅವರು ಅಡುಗೆಕೋಣೆಗೆ ಕರೆದು, ತಗ್ಗಿದ ಸ್ವರದಲ್ಲಿ ಹೇಳಿದರು. ಕರುಣಾಕರಣ್ಣನ ಉಸಿರಿನ ಶಕ್ತಿ ಇಳಿಯುತ್ತಿತ್ತು. ಗಂಟಲಿಗೆ ತೂತು ಮಾಡಿ ಕೊಳವೆ ಹಾಕಿ ಉಸಿರಿನ ಯಂತ್ರಕ್ಕೆ ಜೋಡಿಸಬಹುದು, ಆದರೆ ಆಮೇಲೆ ಯಂತ್ರದಿಂದ ಬಿಡುಗಡೆ ಇಲ್ಲ, ಬೇಕೋ ಬೇಡವೋ ಎಂದು ರೋಗಿಯೇ ಹೇಳಬೇಕು, ಸೋಮವಾರ ಬಂದು ತಿಳಿಸಿ ಎಂದು ಮಣಿಪಾಲದ ಡಾಕ್ಟರು ಹೇಳಿದ್ದರು. ಮಾತು ಪೂರಾ ಹೋಗುವ ಮೊದಲೇ ಗಂಡ ಹೆಂಡತಿ ಒಂದು ಗುರುತು ಮಾಡಿಕೊಂಡಿದ್ದರು. ಬಸ್ಸಿನ ಸೀಟಿಯ ಲೆಕ್ಕ. ಎರಡು ಸಲ ರೆಪ್ಪೆ ಮುಚ್ಚಿದರೆ ‘ರೈಟ್’, ಅಂದರೆ ಹೌದು. ಒಂದು ಸಲ ಮುಚ್ಚಿದರೆ ‘ಹೋಲ್ಡಾನ್’, ಅಂದರೆ ಬೇಡ.

“ರೈಟಾ, ಹೋಲ್ಡಾನಾ ಅಂತ ಎಷ್ಟು ಸಲ ಕೇಳಿದೆ ಮೇಡಂ. ಒಂದೂ ಹೇಳುವುದಿಲ್ಲ. ನನ್ನನ್ನೇ ನೋಡ್ತಾ ಇರ್ತಾರೆ.”

ಹೌದು ಮತ್ತು ಬೇಡದೊಳಗೆ ಹಿಡಿಸದ ಏನನ್ನೋ ಅವರು ಹೇಳಬೇಕಾಗಿತ್ತು ಎಂದು ನನಗೆ ಆಗಲೇ ಅನಿಸಿತು. ಹೇಳುವ ದಾರಿ ಆ ಕಪ್ಪು ಪಟ್ಟಿ ಒಂದೇ. ಅದು ನನ್ನ ಎದುರು ಡಿಂಗ್ ಡೊಂಗ್ ಎಂದು ಸದ್ದು ಮಾಡುತ್ತಾ ಬಂದು ಹೋಗಿ ಮಾಡುತ್ತಿತ್ತು. ಯುಎಸ್‌ಬಿ ಸಾಧನ ಕಂಪ್ಯೂಟರಿಗೆ ಸೇರಿಕೊಂಡಾಗ ಡಿಂಗ್, ಕಳಚಿಕೊಂಡಾಗ ಡೊಂಗ್ ಎಂದು ವಿಂಡೋಸ್ ಮಾಡುವ ಸದ್ದು ಅದು.

ಇಂಥ ಕಡೆ ನಮ್ಮದೊಂದು ಕ್ರಮ ಇದೆ. ಒಮ್ಮೆಗೆ ಒಂದನ್ನೇ ಬದಲಾಯಿಸಬೇಕು. ನಾಲ್ಕನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತೆಂದು ಗೊತ್ತಾಗುವುದಿಲ್ಲ. ಮೊದಲು ಕೇಬಲನ್ನು ಮುಂಭಾಗದ ಪೋರ್ಟಿನಿಂದ ತೆಗೆದು ಹಿಂಭಾಗಕ್ಕೆ ಹಾಕಿದೆ. ಮುಂದಿನ ಪೋರ್ಟುಗಳು ಒಳಗೆ ಸಣ್ಣ ವೈರಿನಲ್ಲಿ ಹಾದು ಬರುತ್ತವೆ, ಹಿಂದಿನವು ಮದರ್‌ಬೋರ್ಡಿಗೇ ಬೆಸೆದಿರುತ್ತವೆ. ಪ್ರಯೋಜನವಾಗಲಿಲ್ಲ. ವಿದ್ಯುತ್ ಉಳಿಸಲೆಂದು ವಿಂಡೋಸ್ ಯುಎಸ್‌ಬಿ ಸಾಧನಗಳನ್ನು ನಿದ್ದೆಗೆ ಕಳಿಸುವ ಸೆಟ್ಟಿಂಗ್ ಒಂದು ಉಂಟು, ಅದನ್ನು ಬಂದ್ ಮಾಡಿದೆ. ಒಂದೇ ಪೋರ್ಟನ್ನು ನಾಲ್ಕು ಮಾಡಿ ಹಂಚುವ ಅಗ್ಗದ ಹಬ್ ಇತ್ತು, ಅದನ್ನು ಕಿತ್ತೆ. ಡ್ರೈವರ್ ಸಾಫ್ಟ್‌ವೇರ್ ಹೊಸದು ಹಾಕಿದೆ. ಡಿಂಗ್ ಡೊಂಗ್. ಕರುಣಾಕರಣ್ಣ ಇಡೀ ಹೊತ್ತು ನನ್ನ ಮುಖವನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡುತ್ತಿದ್ದರು. ನಾನು ಕೇಬಲ್ ನೋಡುತ್ತಿದ್ದೆ.

ಕಂಪ್ಯೂಟರ್, ಟ್ರ್ಯಾಕರ್ ಎರಡನ್ನೂ ಅಂಗಡಿಗೆ ಒಯ್ದೆ. ಅಲ್ಲಿ ಒಂದು ಸಲವೂ ಕೈ ಕೊಡಲಿಲ್ಲ. ಪರೀಕ್ಷೆಗೆಂದು ನನ್ನ ಕಣ್ಣಿಗೇ ಹೊಂದಿಸಿ ಬರೆಯಲು ಕುಳಿತೆ. ನನ್ನ ಹೆಸರು ಮತ್ತು ಊರಿನ ಹೆಸರು ಬರೆಯುವುದರೊಳಗೆ ಕುತ್ತಿಗೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬಂತು. ಒಂದು ಅಕ್ಷರ ತಪ್ಪಿದರೆ ಅಳಿಸಲು ಮತ್ತೆ ಅಷ್ಟೇ ಪಾಡು. ನನಗೆ ಸಾಕೆನಿಸಿದಾಗ ಎದ್ದು ಹೋಗಿ ಚಹಾ ಕುಡಿದೆ. ಕುಡಿಯುವಾಗ ಆ ಮಂಚದ ನೆನಪಾಗಿ ಚಹಾ ಅರ್ಧಕ್ಕೆ ಬಿಟ್ಟೆ.

ಭಾನುವಾರ ಮಧ್ಯಾಹ್ನ ಎಲ್ಲವನ್ನೂ ವಾಪಸ್ ತಂದು ಜೋಡಿಸಿದೆ. ವಸಂತಿ ಬಾಗಿಲಲ್ಲೇ, “ಪೂರಾ ಚಂಡಿ ಆಗಿದ್ದೀರಿ ಮಾರಾಯ್ರೆ” ಎಂದು ಬೆವರಿನಲ್ಲಿ ಒದ್ದೆಯಾದ ನನ್ನನ್ನು ನೋಡಿ ಮರುಗಿ ಫ್ಯಾನ್ ಹಾಕಿದರು. ಡಿಂಗ್ ಡೊಂಗ್. ಸಾಮಾನ್ಯವಾಗಿ ರಿಪೇರಿಯವರನ್ನು ಕಂಡ ಕೂಡಲೇ ಯಂತ್ರ ಸರಿಯಾಗಿ, ಕರೆದವರಿಗೆ ನಾಚಿಕೆಯಾಗುತ್ತದೆ. ಇಲ್ಲಿ ನಾನು ಒಳಗೆ ಕಾಲಿಟ್ಟದ್ದೇ ತಡ, ಯಂತ್ರ ಹಾಳಾಗುತ್ತಿತ್ತು. ಇದು ನನ್ನನ್ನೇ ಆಡಿಸುತ್ತಿದೆ ಎಂದು ಮೈ ಉರಿಯಿತು.

ವಸಂತಿ ಅಕ್ಕಿ ಗಂಜಿ ಕುಡಿಸುವಾಗ ಗಂಡನಿಗೆ ಶೀತ ಆಗಬಾರದೆಂದು ಫ್ಯಾನ್ ನಿಲ್ಲಿಸಿದರು. ಕುಡಿಸಿ ಮುಗಿದು ಬಾಯಿ ಒರೆಸಿದ ಮೇಲೆ ಕರುಣಾಕರಣ್ಣ ಪರದೆ ನೋಡತೊಡಗಿದರು. ನೋಟ ಹೋದಲ್ಲಿಗೆ ಹೋಗುವ ಚುಕ್ಕಿ ಸರಿಯಾಗಿ ಓಡಿತು. ‘ಫ್ಯಾ’ ಮೂಡಿತು. ಆಮೇಲೆ ‘ನ್’.

“ನೋಡಿ, ಪುನಃ ಸೆಕೆ” ಎನ್ನುತ್ತಾ ವಸಂತಿ ಗಂಜಿಯ ಬಟ್ಟಲು ಕೈಯಲ್ಲಿರುವಂತೆಯೇ ಎದ್ದು ಸ್ವಿಚ್ ಒತ್ತಿದರು. ಚುಕ್ಕಿ ನಿಂತಿತು. ಗಾಳಿ ಮುಖಕ್ಕೆ ಬಡಿದು ಕರುಣಾಕರಣ್ಣನ ರೆಪ್ಪೆಗಳು ಪಟಪಟ ಹೊಡೆದುಕೊಂಡವು. “ರೈಟ್ ರೈಟ್ ಅಂತಾರೆ. ಹಾಯಾಯ್ತು ಅವರಿಗೆ” ಎಂದರು ವಸಂತಿ. ಕರುಣಾಕರಣ್ಣನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಗಾಳಿಗೆ ಬಂದ ನೀರು ಎಂದುಕೊಂಡೆವು.

ನಾನು ಕೈ ಚೆಲ್ಲಿದೆ. ಹೊಸ ಟ್ರ್ಯಾಕರ್ ತರಿಸಬೇಕು, ಬರಲು ಕೆಲವು ದಿನ ಬೇಕು ಎಂದು ಹೇಳಿ ಚೀಲ ಕಟ್ಟಿದೆ. ವಸಂತಿ ಬಾಗಿಲಿಗೆ ಅಡ್ಡ ನಿಂತರು. ಜೋರು ಮಾಡಲಿಲ್ಲ, ಅಳಲೂ ಇಲ್ಲ.

“ನಾಳೆ ಡಾಕ್ಟ್ರು ಕೇಳುವಾಗ ನಾನು ಎಂತ ಹೇಳ್ಬೇಕು? ಅದನ್ನೊಂದು ಹೇಳಿಕೊಟ್ಟು ಹೋಗಿ. ಹೌದು ಅಂದ್ರೆ ನಾನು ಇವರನ್ನು ಕಟ್ಟಿಹಾಕಿದ ಹಾಗೆ. ಬೇಡ ಅಂದ್ರೆ ನಾನು ಕೊಂದ ಹಾಗೆ. ಅವರ ಬಾಯಿ ಇಲ್ಲೇ ಉಂಟು, ನಿಮ್ಮ ಎದುರು. ಒಂದು ಪಿನ್ನಿಂದಾಗಿ ಬಂದ್ ಆಗಿದೆ.”

ಎಡಗಡೆ ಗೋಡೆ, ಬಲಗಡೆ ಮಂಚ, ಎದುರು ವಸಂತಿ. ಓಡಿಹೋಗಬೇಕು ಎಂದು ನನಗೆ ನಿಜವಾಗಿಯೂ ಅನಿಸಿತು. ಮಂಚದಲ್ಲಿದ್ದವರಿಗೆ ಹಾಗೆ ಅನಿಸಿದರೂ ಓಡಲಾಗದು ಎಂಬುದೂ ಅದೇ ಕ್ಷಣ ಹೊಳೆಯಿತು. ಚೀಲ ಮತ್ತೆ ಕೆಳಗಿಟ್ಟೆ. ಆಗ ಕರೆಂಟ್ ಹೋಯಿತು.

ಫ್ಯಾನ್ ನಿಧಾನವಾಗಿ ನಿಂತಿತು. ಕಂಪ್ಯೂಟರಿಗೆ ಯುಪಿಎಸ್ ಇತ್ತು. ಕರೆಂಟ್ ಹೋದರೂ ಸ್ವಲ್ಪ ಹೊತ್ತು ನಡೆಸುವ ಬ್ಯಾಟರಿ ಪೆಟ್ಟಿಗೆ ಅದು. ಅದು ಕೀಕ್ ಕೀಕ್ ಎನ್ನತೊಡಗಿತು. ಒಮ್ಮೆ ಡಿಂಗ್ ಎಂಬ ಸದ್ದು ಬಂತು. ಡೊಂಗ್ ಬರಲಿಲ್ಲ. ಪರದೆಯಲ್ಲಿ ಚುಕ್ಕಿ ಜೀವ ಬಂದಂತೆ ಅಲುಗಿತು. ‘ಫ್ಯಾನ್’ ಎಂಬುದು ಹಾಗೆಯೇ ಇತ್ತು. ಅದರ ಪಕ್ಕದಲ್ಲಿ ‘ಹಾ’ ಮೂಡಿತು. ಸ್ವಲ್ಪ ಹೊತ್ತಿನ ಮೇಲೆ ‘ಕ’.

“ಹಾಕಿ ಅಂತ” ಎಂದರು ವಸಂತಿ. “ಕರೆಂಟ್ ಇಲ್ಲ ಮಾರಾಯ್ರೆ, ನಾನು ಎಲ್ಲಿಂದ ಹಾಕ್ಲಿ?”

ಚುಕ್ಕಿ ಅವರ ಮಾತಿಗೆ ನಿಲ್ಲಲಿಲ್ಲ. ‘ಬೇ’. ಆಮೇಲೆ ‘ಡಿ’.

ಫ್ಯಾನ್ ಹಾಕಬೇಡಿ.

ಅಷ್ಟಕ್ಕೇ ನಿಲ್ಲದೆ ಅವರು ಬರೆಯುತ್ತಲೇ ಹೋದರು. ಕೊನೆಗೆ ಹಸಿರು ಚೌಕ ನೋಡಿದರು. ಸ್ಪೀಕರಿನ ಏರಿಳಿತವಿಲ್ಲದ ಗಂಡು ಸ್ವರ ಓದಿತು: “ಫ್ಯಾನ್ ಹಾಕಬೇಡಿ. ಫ್ಯಾನ್ ಹಾಕಿದರೆ ಇದು ನಿಲ್ತದೆ.”

ವಸಂತಿ ಮಂಚದ ಅಂಚಿನಲ್ಲಿ ಕುಸಿದು ಕುಳಿತರು. ನಮ್ಮ ಭಾಷೆಯಲ್ಲಿ ಬೇಕು ಬೇಡ ಎರಡೂ ಬರುವುದು ವಾಕ್ಯದ ಕಟ್ಟಕಡೆಗೆ. ಕಂಡಕ್ಟರ್ ಪ್ರತಿ ಸಲ ಮೊದಲ ಶಬ್ದ ಬರೆಯುತ್ತಿದ್ದರು. ಹೆಂಡತಿ ಪ್ರೀತಿಯಿಂದ ಓಡಿಹೋಗಿ ಅವರ ಬಾಯಿ ಮುಚ್ಚಿಬಿಡುತ್ತಿದ್ದರು. ಬೇಡ ಎಂಬಲ್ಲಿಗೆ ತಲುಪಲು ಅವರಿಗೆ ನಾಲ್ಕೈದು ದಿನದಿಂದ ಯಾರೂ ಬಿಟ್ಟಿರಲಿಲ್ಲ. ಅದರಲ್ಲಿ ಎರಡು ದಿನ ಆ ಫ್ಯಾನಿನ ಗಾಳಿಯಲ್ಲಿ ಉಪಕಾರ ಎನ್ನುತ್ತಾ ನಾನೂ ಕೂತಿದ್ದೆ.

ಯುಪಿಎಸ್ ಕೂಗುತ್ತಲೇ ಇತ್ತು. ಬ್ಯಾಟರಿ ಹಳೆಯದು, ಎಷ್ಟು ಹೊತ್ತು ಬಂದೀತೆಂದು ನನಗೂ ಗೊತ್ತಿರಲಿಲ್ಲ. ಯಾರೂ ಕೇಳದೆಯೇ ಕರುಣಾಕರಣ್ಣ ಮುಂದಿನ ವಾಕ್ಯ ಹಿಡಿದರು. ಕಿಟಕಿಯಿಂದ ಒಂದು ಎಲೆಯಷ್ಟು ಗಾಳಿಯೂ ಇಲ್ಲ. ಮೂವರೂ ಬೆವರಿನಲ್ಲಿ ತೋಯ್ದಿದ್ದೆವು. ‘ಆಪರೇಷನ್’ ಎಂದು ಮೂಡಿತು.

‘ಆಪರೇಷನ್ ಬೇಡ’.

ವಸಂತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಎದ್ದರು. ಅವರ ಕೈ ಹಿಡಿದು ಎಳೆದು ಕೂರಿಸಿದೆ.

“ವಸಂತಕ್ಕ, ಅವರು ಇನ್ನೂ ‘ಹೇಳು’ ಒತ್ತಲಿಲ್ಲ.”

“ಇನ್ನು ಎಂತ ಉಂಟು ಮೇಡಂ?”

“ಗೊತ್ತಿಲ್ಲ. ಮುಗಿಯಲಿ.”

ನನಗೂ ಧೈರ್ಯ ಇರಲಿಲ್ಲ. ಅಲ್ಲಿಗೇ ನಿಂತರೆ ಆ ಕೋಣೆಯಲ್ಲಿ ನಾನು ಎಂತ ಮಾಡುವುದು ಎಂದು ಹೆದರಿದ್ದೆ. ಆದರೆ ಚುಕ್ಕಿ ಮತ್ತೆ ಅಕ್ಷರಗಳ ಕಡೆಗೆ ಇಳಿಯಿತು. ‘ಅಂತ’ ಮೂಡಿತು. ಬಹಳ ಹೊತ್ತಿನ ಮೇಲೆ ‘ಇದ್ದೆ’. ಆಮೇಲೆ ಅವರು ಕಣ್ಣು ಮುಚ್ಚಿ ಸುಧಾರಿಸಿಕೊಂಡರು. ಯುಪಿಎಸ್ಸಿನ ಕೂಗು ಬಿರುಸಾಯಿತು. ವಸಂತಿಯ ಉಗುರು ನನ್ನ ಮುಂಗೈಗೆ ಇಳಿದಿತ್ತು, ಬಿಡಿಸಿಕೊಳ್ಳಲಿಲ್ಲ. ಕಣ್ಣು ತೆರೆದು ಅವರು ಉಳಿದದ್ದನ್ನು ಬರೆದರು. ಈ ಸಲ ನಾವಿಬ್ಬರೂ ಪರದೆಯನ್ನು ಓದಲಿಲ್ಲ, ಅವರ ಮುಖವನ್ನೇ ನೋಡುತ್ತಾ ಕುಳಿತೆವು. ಸ್ಪೀಕರ್ ಹೇಳಿತು:

“ಆಪರೇಷನ್ ಬೇಡ ಅಂತ ಇದ್ದೆ. ಮಾತಿಲ್ಲದೆ ಉಸಿರು ಮಾತ್ರ ಇದ್ದು ಎಂತ ಮಾಡುವುದು. ಇದು ನಡೆಯುವುದಾದರೆ ಮಾಡಿಸಿ. ಮೇಡಂ ನೋಡಿಕೊಳ್ಳಲಿ. ರೈಟ್.”

ಆಮೇಲೆ ಕೆಲವೇ ಹೊತ್ತಿನಲ್ಲಿ ಯುಪಿಎಸ್ ಸತ್ತು ಪರದೆ ಕಪ್ಪಾಯಿತು. ಯಾರಿಗೂ ಬೇಸರವಾಗಲಿಲ್ಲ. ವಸಂತಿ ಗಂಡನ ಹಣೆಗೆ ಹಣೆ ಹಚ್ಚಿ ತುಳುವಿನಲ್ಲಿ ಬಯ್ಯುತ್ತಾ ಅತ್ತರು. ನಾನು ಹೊರಗೆ ಜಗಲಿಗೆ ಬಂದು ಅತ್ತೆ.

ದೋಷ ಹುಡುಕುವುದು ಆಮೇಲೆ ಕಷ್ಟವೇ ಆಗಲಿಲ್ಲ. ಕಂಪ್ಯೂಟರಿನ ಪೆಟ್ಟಿಗೆ ಒಂದು ಗೋಡೆಯ ಬಳಿ, ಮಂಚ ಮತ್ತು ಮಾನಿಟರ್ ಎದುರಿನ ಗೋಡೆಯ ಬಳಿ. ನಡುವೆ ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್. ನೋಡಲು ಚಂದ ಇರಲೆಂದು ವಸಂತಿಯ ತಮ್ಮ ಅದನ್ನು ಗೋಡೆಯ ಪ್ಲಾಸ್ಟಿಕ್ ಪಟ್ಟಿಯೊಳಗೆ, ಫ್ಯಾನಿನ ವೈರಿನ ಜೊತೆಗೇ ತುರುಕಿಸಿದ್ದ. ಪಟ್ಟಿಯೊಳಗೆ ಹುದುಗಿದ್ದರಿಂದ ನಾನು ಅದರ ಎರಡು ತುದಿ ಮಾತ್ರ ಕಂಡಿದ್ದೆ. ಟ್ರ್ಯಾಕರಿನಂಥ ಸಾಧನಕ್ಕೆ ಅಷ್ಟು ಉದ್ದದ ಅಗ್ಗದ ಕೇಬಲ್ ಮೊದಲೇ ಕಷ್ಟ. ಫ್ಯಾನಿನ ಹಳೆಯ ರೆಗ್ಯುಲೇಟರ್ ಎಬ್ಬಿಸುವ ವಿದ್ಯುತ್ ಗದ್ದಲ ಪಕ್ಕದ ವೈರಿನಿಂದ ಈ ಕೇಬಲ್ಲಿಗೆ ನುಗ್ಗುತ್ತಿತ್ತು. ಅದನ್ನು ಭೂಮಿಗೆ ಇಳಿಸಬೇಕಾದ ಅರ್ಥಿಂಗ್ ಗುಂಡಿ ಬೇಸಿಗೆಗೆ ಒಣಗಿ, ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಜನವರಿಯ ತಂಪಿನಲ್ಲಿ ಫ್ಯಾನಿನ ಕೆಲಸ ಇರಲಿಲ್ಲ, ಆಮೇಲೂ ಗುಂಡಿಯಲ್ಲಿ ಪಸೆ ಇರುವ ತನಕ ಗದ್ದಲ ಭೂಮಿಗೆ ಇಳಿಯುತ್ತಿತ್ತು, ಹಾಗಾಗಿ ಮೂರು ತಿಂಗಳು ಏನೂ ತಿಳಿಯಲಿಲ್ಲ. ನಾನು ಕಂಪ್ಯೂಟರನ್ನೇ ಮಂಚದ ತಲೆದೆಸೆಗೆ ತಂದು ಟ್ರ್ಯಾಕರನ್ನು ಅದರದೇ ಗಿಡ್ಡ ಕೇಬಲ್ಲಿನಲ್ಲಿ ಹಿಂದಿನ ಪೋರ್ಟಿಗೆ ಸಿಕ್ಕಿಸಿದೆ. ರೆಗ್ಯುಲೇಟರ್ ಬದಲಾಯಿಸಿದೆ, ಯುಪಿಎಸ್ಸಿಗೆ ಹೊಸ ಬ್ಯಾಟರಿ ಹಾಕಿದೆ. ವಸಂತಿ ಅರ್ಥಿಂಗ್ ಗುಂಡಿಗೆ ಕೊಡಗಟ್ಟಲೆ ನೀರು ಸುರಿದರು. ಹೊರಗಿನ ಜೋಡಣೆ ಯಾವುದೇ ಇರಲಿ, ಸಾಧ್ಯವಾದಷ್ಟು ಗಿಡ್ಡ ಕೇಬಲ್ ಆರಿಸಿ, ಕರೆಂಟಿನ ವೈರಿನಿಂದ ದೂರ ಇಡಿ ಎಂದು ಅಂಗಡಿಗೆ ಬಂದವರಿಗೆಲ್ಲ ನಾನು ಅಂದಿನಿಂದ ಹೇಳುತ್ತಾ ಬಂದಿದ್ದೇನೆ. ಯಾರೂ ಕೇಳುವುದಿಲ್ಲ, ಚಂದ ಕಾಣಬೇಕಲ್ಲ.

ಆಪರೇಷನ್ ಆಯಿತು. ಕರುಣಾಕರಣ್ಣ ಕೊಳವೆ ಮತ್ತು ತನ್ನದೇ ಬ್ಯಾಟರಿ ಇರುವ ಉಸಿರಿನ ಯಂತ್ರದೊಡನೆ ಮನೆಗೆ ಬಂದರು. ‘ಮೇಡಂ ನೋಡಿಕೊಳ್ಳಲಿ’ ಎಂಬ ಒಂದು ಮಾತಿನಲ್ಲಿ ಅವರು ನನ್ನನ್ನು ಆ ಮನೆಗೆ ಕಟ್ಟಿಹಾಕಿಬಿಟ್ಟರು. ಒಬ್ಬರು ಬದುಕಲು ಒಪ್ಪಿದ್ದು ನನ್ನ ರಿಪೇರಿಯನ್ನು ನಂಬಿ ಎಂದು ತಿಳಿದ ಮೇಲೆ ನಿದ್ದೆ ಹಗುರವಾಗುತ್ತದೆ. ಎರ್ಮಾಳಿನ ಕಡೆ ಕರೆಂಟ್ ಹೋಯಿತೆಂದು ಯಾರಾದರೂ ಹೇಳಿದರೆ ನಾನು ಮೊದಲು ನೆನೆಸುವುದು ಆ ಯುಪಿಎಸ್ಸಿನ ಬ್ಯಾಟರಿಯನ್ನು. ಊರು ಬಿಟ್ಟು ಹೋಗುವ ಮುಂಚೆ ಅಲ್ಲಿಗೊಮ್ಮೆ ಹೋಗಿ ಬರುತ್ತೇನೆ. ಈ ಸೆರೆಯಿಂದ ಬಿಡಿಸಿಕೊಳ್ಳಬೇಕೆಂದು ಕೆಲವು ಸಲ ಅನಿಸಿದ್ದುಂಟು, ಸುಳ್ಳು ಹೇಳುವುದಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಗಿರಾಕಿ ದೂರು ಹೇಳುವಾಗ ಮೊದಲ ಶಬ್ದಕ್ಕೇ ನನಗೆ ರೋಗ ಗೊತ್ತಾಯಿತು ಎನಿಸುತ್ತದೆ. ಕೈ ಆಗಲೇ ಸ್ಕ್ರೂಡ್ರೈವರಿಗೆ ಹೋಗಿರುತ್ತದೆ. ಈಗ ಕೈ ಕಟ್ಟಿ ಕುಳಿತು ಕ್ರಿಯಾಪದ ಬರುವ ತನಕ ಕಾಯುತ್ತೇನೆ.

ಕಳೆದ ಬೇಸಿಗೆಯಲ್ಲಿ ಒಂದು ದಿನ ಬ್ಯಾಟರಿ ನೋಡಲು ಹೋಗಿದ್ದೆ. ಒಳಗೆ ಬೇಯುವಷ್ಟು ಸೆಕೆ. ಫ್ಯಾನಿನಿಂದ ಇನ್ನು ತೊಂದರೆ ಇಲ್ಲ ಎಂದು ಎಷ್ಟು ಹೇಳಿದರೂ ವಸಂತಕ್ಕ ಕೇಳದೆ ಹಾಕದೆಯೇ ಬಿಟ್ಟಿದ್ದರು. ಕರುಣಾಕರಣ್ಣ ಪರದೆ ನೋಡಿದರು. ‘ಫ್ಯಾನ್’ ಎಂದು ಮೂಡಿತು. ವಸಂತಕ್ಕ ನನ್ನನ್ನು ನೋಡಿದರು, ನಾನು ವಸಂತಕ್ಕನನ್ನು ನೋಡಿದೆ. ಇಬ್ಬರೂ ಕುಳಿತಲ್ಲಿಂದ ಅಲುಗಲಿಲ್ಲ. ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. ಅಕ್ಷರ ಒಂದೊಂದಾಗಿ ಬಂತು, ಅವರೂ ಅವಸರ ಮಾಡಲಿಲ್ಲ. ಕೊನೆಗೆ ಸ್ಪೀಕರ್ ಬಾಯಿ ಬಿಟ್ಟಿತು:

“ಫ್ಯಾನ್ ಹಾಕಿ ಮಾರಾಯ್ರೆ. ಸೆಕೆಯಲ್ಲಿ ಸಾಯ್ತಾ ಇದ್ದೇನೆ.”